ಕಾಣದ ಕೈಗಳ ಕಾಣಿಕೆ

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ, ಇಷ್ಟು ಕಾಲ ನಮ್ಮನ್ನು ಕೈಹಿಡಿದು ನಡೆಸಿದ ದೇವರಿಗೆ ಕೃತಜ್ಞತೆ ಸಲ್ಲಿಸುವುದು ನಮ್ಮ ಮೊದಲ ಕರ್ತವ್ಯ. ಆ ಕೃತಜ್ಞತೆಯನ್ನು ಬಲಿಪೂಜೆಯಲ್ಲಿಯೂ ಮೆರವಣಿಗೆಯಲ್ಲಿಯೂ ಮಾತ್ರ ಮುಗಿಸದೆ, ಯಾವುದಾದರೊಂದು ಕರುಣೆಯ ಕಾರ್ಯದಲ್ಲಿ ತೋರಿಸಬೇಕೆಂದು ಹಲವರು ಅಪೇಕ್ಷಿಸಿದರು. ಉತ್ಸವದ ಕಾಣಿಕೆಯಲ್ಲಿ ಒಂದು ಪಾಲನ್ನು, ನಮ್ಮ ನಾಡಿನ ಧರ್ಮಭಗಿನಿಯರು ದುಡಿಯುತ್ತಿರುವ ಆಫ್ರಿಕದ ಹಳ್ಳಿಗಾಡಿನ ಆಸ್ಪತ್ರೆಯೊಂದರ ಉಪಕರಣಗಳಿಗಾಗಿ ಮೀಸಲಿಡಬೇಕೆಂಬ ಸಲಹೆ ಸಭೆಯ ಮುಂದೆ ಬಂದಿತು. ಆಗ ನಮ್ಮ ಹಿರಿಯರೊಬ್ಬರು ಎದ್ದು, "ನಮ್ಮ ಮನೀ ಮಾಳಗೀನ ಸೋರಾಕ ಹತ್ತೇದ. ಮಂದಿ ಮನೀಗೆ ಹಂಚು ಹೊದಸೂದು ಹ್ಯಾಂಗ್ರಿ?" ಎಂದು ಕೇಳಿದರು. ಪ್ರಶ್ನೆ ಸಣ್ಣದಲ್ಲ, ಅದನ್ನು ಕೇಳಿದವರು ಕೊಡುಗೈಯವರಲ್ಲವೆಂದೂ ಅಲ್ಲ. ಅದಕ್ಕೆ ಉತ್ತರವನ್ನು ನಾವು ಇತಿಹಾಸದಲ್ಲಿ ಹುಡುಕಿದೆವು. ದೊರೆತುದನ್ನು ಇಲ್ಲಿ ಓದುಗರ ಮುಂದಿಡುತ್ತೇವೆ.

ಮೂರು ನೇಕಾರರ ಊರುಗಳು

ಗುಳೇದಗುಡ್ಡವೆಂದರೆ ಖಣದ ಊರು. ಬೆಟ್ಟದ ಮಗ್ಗುಲಿನ ಈ ಪಟ್ಟಣದ ಓಣಿಗಳಲ್ಲಿ ತಲೆಮಾರುಗಳಿಂದ ಮಗ್ಗದ ಸಪ್ಪಳವೇ ಬೆಳಗಿನ ಗಂಟೆಯಾಗಿತ್ತು. ಇಲ್ಲಿ ನೇಯ್ದ ಕುಪ್ಪಸದ ಬಟ್ಟೆ ಉತ್ತರ ಕರ್ನಾಟಕದ ಮತ್ತು ಮಹಾರಾಷ್ಟ್ರದ ಹೆಣ್ಣುಮಕ್ಕಳ ಮದುವೆಯ ಗಂಟಿನಲ್ಲಿ ಇರಲೇಬೇಕಾಗಿತ್ತು. ಈ ಊರಿಗೆ 1851ರಲ್ಲಿ ಬಾಸೆಲ್ ಮಿಷನ್ನಿನವರು ಬಂದು ನೆಲೆನಿಂತರು. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಅವರು ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳನ್ನು ದಾಟಿ ಇಲ್ಲಿಯವರೆಗೆ ಬಂದಿದ್ದರು. ಅವರು ಪ್ರೊಟೆಸ್ಟೆಂಟ್ ಪಂಥದವರು, ನಮ್ಮ ಧರ್ಮಸಭೆಯವರಲ್ಲ. ಆದರೂ ಎರಡನೆಯ ವ್ಯಾಟಿಕನ್ ಮಹಾಸಭೆಯು ಬೇರ್ಪಟ್ಟ ಸಹೋದರರಲ್ಲಿರುವ ಒಳಿತನ್ನು ಸಂತೋಷದಿಂದ ಗುರುತಿಸಲು ನಮಗೆ ಕಲಿಸಿದೆಯಾದ್ದರಿಂದ, ಅವರ ಕಥೆಯಿಂದಲೇ ಆರಂಭಿಸಲು ನಮಗೆ ಸಂಕೋಚವಿಲ್ಲ.

ಇಷ್ಟು ದೂರದ ಮಿಷನ್ ಠಾಣೆಗೆ ಹಣ ಎಲ್ಲಿಂದ ಬರುತ್ತಿತ್ತು? ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ರೇಷ್ಮೆಯ ಪಟ್ಟಿಗಳನ್ನು ನೇಯುವುದಕ್ಕೆ ಹೆಸರಾಗಿತ್ತು. ಸುತ್ತಲಿನ ಹಳ್ಳಿಗಳ ಮನೆಮನೆಗಳಲ್ಲಿ ಪಟ್ಟಿಯ ಮಗ್ಗಗಳಿದ್ದವು. ಅಲ್ಲಿ ಪಟ್ಟಿ ತಯಾರಿಸುವ ಉದ್ಯಮಿಯಾಗಿದ್ದ ಕಾರ್ಲ್ ಸಾರಾಸಿನ್ ಎಂಬವರು 1855ರಲ್ಲಿ 'ಅರೆ ಬಾಟ್ಸೆನ್' ಎಂಬ ವಂತಿಗೆಯ ಪದ್ಧತಿಯನ್ನು ಹುಟ್ಟುಹಾಕಿದರು. ಬಾಟ್ಸೆನ್ ಎಂಬುದು ಅಲ್ಲಿಯ ಚಿಲ್ಲರೆ ನಾಣ್ಯ. ಅದರ ಅರ್ಧವೆಂದರೆ ಐದು ರಾಪೆನ್. ಮಿಷನ್ನಿನ ಗೆಳೆಯನೆನಿಸಿಕೊಳ್ಳುವವನು ವಾರಕ್ಕೆ ಇಷ್ಟನ್ನು ಕೊಟ್ಟರೆ ಸಾಕು. ಮನೆಯಿಂದ ಮನೆಗೆ ಹೋಗಿ ಇದನ್ನು ಸಂಗ್ರಹಿಸುವವರು ಕೈಯಲ್ಲಿ ಮಿಷನ್ನಿನ ಸಮಾಚಾರದ ಚಿಕ್ಕ ಪತ್ರಿಕೆಯನ್ನೂ ಒಯ್ಯುತ್ತಿದ್ದರು. ಕೊಟ್ಟವನಿಗೆ ತನ್ನ ಕಾಸು ಎಲ್ಲಿಗೆ ಹೋಯಿತೆಂಬ ಸುದ್ದಿ ತಿರುಗಿ ಬರುತ್ತಿತ್ತು. ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ರೈತರು, ಕೆಲಸದಾಳುಗಳು, ವಿಧವೆಯರು ಕೊಟ್ಟ ಈ ಚಿಲ್ಲರೆಯೇ ಮಿಷನ್ನಿನ ಆದಾಯದ ಒಂದು ದೊಡ್ಡ ಆಸರೆಯಾಯಿತು. ಅಲ್ಲಿ ಪಟ್ಟಿ ನೇಯುವ ಕೈ, ತಾನೆಂದೂ ನೋಡದ ಖಣ ನೇಯುವ ಕೈಯನ್ನು ಹಿಡಿದುಕೊಂಡಿತು.

ಇದಕ್ಕಿಂತ ಮೊದಲೇ ನಮ್ಮ ಧರ್ಮಸಭೆಯಲ್ಲಿ ಇಂತಹುದೇ ಒಂದು ಕಾರ್ಯ, ಇಂತಹುದೇ ಇನ್ನೊಂದು ನೇಕಾರರ ಊರಿನಲ್ಲಿ ಆರಂಭವಾಗಿತ್ತು. ಫ್ರಾನ್ಸಿನ ಲಿಯೋನ್ ರೇಷ್ಮೆಗೆ ಜಗತ್ಪ್ರಸಿದ್ಧ. ಅಲ್ಲಿಯ ರೇಷ್ಮೆ ವ್ಯಾಪಾರಿಯ ಮಗಳಾದ ಪೌಲಿನ್ ಜಾರಿಕೊ ರೇಷ್ಮೆಯ ಕೆಲಸದ ಹೆಣ್ಣುಮಕ್ಕಳನ್ನು ಹತ್ತುಹತ್ತು ಜನರ ಗುಂಪುಗಳಾಗಿ ಕೂಡಿಸಿದಳು. ಒಬ್ಬೊಬ್ಬರಿಂದ ವಾರಕ್ಕೊಂದು 'ಸೂ' ಎಂಬ ಬಿಡಿಗಾಸು ಮತ್ತು ದಿನಕ್ಕೊಂದು ಪ್ರಾರ್ಥನೆ. ಹತ್ತು ಗುಂಪುಗಳ ಮೇಲೆ ನೂರರ ಮುಖ್ಯಸ್ಥರು, ನೂರರ ಮೇಲೆ ಸಾವಿರದವರು. ಇದೇ 1822ರ ಮೇ 3ರಂದು 'ವಿಶ್ವಾಸ ಪ್ರಸಾರ ಸಂಘ'ವಾಗಿ ರೂಪುಗೊಂಡಿತು. ನೂರು ವರ್ಷಗಳ ಬಳಿಕ, 1922ರಲ್ಲಿ, ಜಗದ್ಗುರು ಹನ್ನೊಂದನೆಯ ಪಿಯೂಸರು ಅದನ್ನು ಪೋಪರ ನೇರ ಆಶ್ರಯಕ್ಕೆ ತೆಗೆದುಕೊಂಡು ರೋಮಿಗೆ ಬರಮಾಡಿಕೊಂಡರು. ಇಂದು ಪ್ರತಿವರ್ಷ ಅಕ್ಟೋಬರದ ಮಿಷನ್ ಭಾನುವಾರದಂದು ನಾವು ತಟ್ಟೆಗೆ ಹಾಕುವ ಕಾಣಿಕೆಗೆ ಮೂಲ ಆ ಕನ್ಯೆಯ ಬಿಡಿಗಾಸೇ ಆಗಿದೆ.

ಪೌಲಿನಳ ಬಾಳಿನ ಕೊನೆಯನ್ನೂ ನಾವು ಮರೆಯಬಾರದು. ಕೆಲಸಗಾರರಿಗೆ ನ್ಯಾಯವಾದ ಬಾಳನ್ನು ಕೊಡುವ ಮಾದರಿ ಕಾರ್ಖಾನೆಯೊಂದನ್ನು ಕಟ್ಟಬೇಕೆಂದು ಅವಳು ದೊಡ್ಡ ಬಂಡವಾಳ ಹೂಡಿದಳು. ನಂಬಿದವರು ವಂಚಿಸಿದರು; ಕಾರ್ಖಾನೆ ಮುರಿದುಬಿತ್ತು. ತನಗೆ ಹಣ ಕೊಟ್ಟಿದ್ದ ಬಡವರ ಸಾಲವನ್ನು ತೀರಿಸಲು ಬಾಗಿಲು ಬಾಗಿಲಿಗೆ ಅಲೆದು, ಬಡವರ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡು, 1862ರಲ್ಲಿ ಅವಳು ತೀರಿಕೊಂಡಳು. 2022ರ ಮೇ 22ರಂದು ಲಿಯೋನಿನಲ್ಲಿ ಧರ್ಮಸಭೆಯು ಅವಳನ್ನು ಪುನೀತರ ಸಾಲಿಗೆ ಸೇರಿಸಿತು. ಅವಳು ಕೈಹಾಕಿದ ದೊಡ್ಡ ಹಣದ ಕಾರ್ಯ ಉರುಳಿತು. ಬಿಡಿಗಾಸಿನ ಕಾರ್ಯ ಎರಡು ಶತಮಾನಗಳಿಂದ ನಿಂತಿದೆ.

ಹರಿವು ನಿಂತಾಗ

ಬಾಸೆಲ್ ಮಿಷನ್ನಿನವರು ಮೊದಲು ಶಾಲೆಗಳನ್ನೂ ಹೆಂಚು ಮತ್ತು ನೇಯ್ಗೆಯ ಕಾರ್ಖಾನೆಗಳನ್ನೂ ತೆರೆದರು. ವೈದ್ಯ ಸೇವೆ ತಡವಾಗಿ ಬಂದಿತು. 1886ರಲ್ಲಿ ಡಾಕ್ಟರ್ ಲೀಬೆಂಡಾರ್ಫರರು ಕಲ್ಲಿಕೋಟೆಯಲ್ಲಿ ಅದಕ್ಕೆ ಅಡಿಪಾಯ ಹಾಕಿದರು. ಮುಂದೆ ಗದಗ-ಬೆಟಗೇರಿಯಲ್ಲಿ ಅವರ ಆಸ್ಪತ್ರೆ ಏರ್ಪಟ್ಟಿತು. ನಮ್ಮ ಜನ ಅದನ್ನು 'ಜರ್ಮನ್ ದವಾಖಾನೆ' ಎಂದೇ ಕರೆದರು. ಬಾಗಿಲಕೋಟೆ, ಬಾದಾಮಿ, ಗುಳೇದಗುಡ್ಡಗಳ ಕಡೆಯವರಿಗೆ ಗದಗ ರೈಲಿನ ದಾರಿಯ ಊರು. ಹೆರಿಗೆ ಕಷ್ಟವಾದ ಹೆಣ್ಣುಮಗಳನ್ನು ಚಕ್ಕಡಿಯಲ್ಲಿ ಮಲಗಿಸಿ ನಿಲ್ದಾಣಕ್ಕೆ ಒಯ್ಯುವುದೆಂದರೆ ಏನೆಂಬುದನ್ನು ಬಲ್ಲ ಅಜ್ಜಿಯರು ಈ ಸೀಮೆಯ ಮನೆಮನೆಗಳಲ್ಲಿದ್ದರು. ದವಾಖಾನೆ ಎಂಬ ಮಾತಿಗೆ ಅವರಲ್ಲಿದ್ದ ಗೌರವ ಪುಸ್ತಕದಿಂದ ಬಂದದ್ದಲ್ಲ.

1914ರಲ್ಲಿ ಮೊದಲನೆಯ ಮಹಾಯುದ್ಧ ಸಿಡಿಯಿತು. ಬ್ರಿಟಿಷ್ ಸರಕಾರಕ್ಕೆ ಜರ್ಮನ್ನರು ಶತ್ರುಗಳಾದರು. ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಶಿಬಿರಗಳಲ್ಲಿಟ್ಟು, ಬಳಿಕ ದೇಶದಿಂದ ಹೊರಗೆ ಕಳುಹಿಸಲಾಯಿತು. ಮುಂಬಯಿ ಮತ್ತು ಪುಣೆಯ ಪ್ರಾಂತಗಳಲ್ಲಿ ಸೇವೆಗೈಯುತ್ತಿದ್ದ ನಮ್ಮ ಯೇಸುಸಭೆಯ ಜರ್ಮನ್ ಗುರುಗಳ ಪಾಡೂ ಅದೇ ಆಯಿತು. ಕೊಡುವ ಮನಸ್ಸು ಅಲ್ಲಿ ಬತ್ತಿರಲಿಲ್ಲ, ಪಡೆಯುವ ಅಗತ್ಯ ಇಲ್ಲಿ ತೀರಿರಲಿಲ್ಲ; ನಡುವಿನ ದಾರಿ ಕಡಿದುಹೋಯಿತು. ಆ ತೆರವನ್ನು ತುಂಬಲು ಯುದ್ಧದಲ್ಲಿ ಸೇರದಿದ್ದ ಸ್ವಿಟ್ಜರ್ಲೆಂಡಿನವರು ಮುಂದೆ ಬಂದರು. ಸ್ವಿಸ್ ವೈದ್ಯೆ ಡಾಕ್ಟರ್ ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಆರಂಭಿಸಿದ ಆಸ್ಪತ್ರೆ ಶತಮಾನವನ್ನು ದಾಟಿ ಇಂದಿಗೂ ಅವರ ಹೆಸರಿನಲ್ಲಿ ನಡೆಯುತ್ತಿದೆ.

ಇದರಿಂದ ತಿಳಿಯುವ ಪಾಠ ಸ್ಪಷ್ಟ. ದೂರದಿಂದ ಬರುವ ನೀರನ್ನೇ ನಂಬಿದ ಹೊಲ, ಕಾಲುವೆ ಒಡೆದ ದಿನ ಒಣಗುತ್ತದೆ. ದವಾಖಾನೆಗೆ ತನ್ನದೇ ಆದ ಬಾವಿಯೊಂದು ಬೇಕು.

ಕಂಕನಾಡಿಯ ಔಷಧದ ಪೆಟ್ಟಿಗೆ

ಅಂತಹ ಬಾವಿಯನ್ನು ತೋಡಿದವರಲ್ಲಿ ನಾವು ಸದಾ ಸ್ಮರಿಸಬೇಕಾದವರು ಫಾದರ್ ಅಗಸ್ಟಸ್ ಮುಲ್ಲರ್ ಸ್ವಾಮಿಗಳು. ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ 1841ರಲ್ಲಿ ಹುಟ್ಟಿದ ಅವರು, 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಮೊದಲ ತಂಡದಲ್ಲಿದ್ದರು. ಕಲಿಸಲು ಬಂದ ಗುರುಗಳು ರೋಗಿಗಳ ಸಂಕಟವನ್ನು ಕಂಡು ಹೋಮಿಯೋಪತಿಯ ಔಷಧ ಕೊಡಲಾರಂಭಿಸಿದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರ ಔಷಧಾಲಯ ಹುಟ್ಟಿತು. ಆಲದ ಮರದ ನೆರಳಿನಲ್ಲಿ ರೋಗಿಗಳನ್ನು ನೋಡುತ್ತಿದ್ದರೆಂದು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ.

ಸ್ವಾಮಿಗಳು ಹಣ ಕೂಡಿಸಿದ ಬಗೆ ಗಮನಾರ್ಹವಾದುದು. ಔಷಧಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸಿ, ಕೊಳ್ಳಬಲ್ಲವರಿಗೆ ಅಂಚೆಯ ಮೂಲಕ ಮಾರಿದರು. ಭಾರತದ ಮೂಲೆಮೂಲೆಗಳಿಗೂ ಸಿಂಹಳಕ್ಕೂ ಮುಲ್ಲರರ ಪೆಟ್ಟಿಗೆ ಹೋಯಿತು. ಆ ಮಾರಾಟದ ಉಳಿತಾಯ ಕೊಳ್ಳಲಾರದವರ ಔಷಧವಾಯಿತು. ಅದರ ಬಲದ ಮೇಲೆಯೇ 1890ರಲ್ಲಿ ಕುಷ್ಠರೋಗಿಗಳ ಆಶ್ರಯ, ಅನಂತರ ಆಸ್ಪತ್ರೆ, 1902ರಲ್ಲಿ ಪ್ಲೇಗಿನ ರೋಗಿಗಳಿಗಾಗಿ ವ್ಯವಸ್ಥೆ ಬೆಳೆದು ಬಂದವು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಸ್ವಾಮಿಗಳು ದೈವಾಧೀನರಾದರು. ನಾಲ್ಕು ವರ್ಷಗಳ ಬಳಿಕ ಯುದ್ಧ ಬಂದಾಗ ಕಂಕನಾಡಿಯ ಬಾಗಿಲು ಮುಚ್ಚಲಿಲ್ಲ. ಇಂದು ಅಲ್ಲಿ ವೈದ್ಯಕೀಯ ಮಹಾವಿದ್ಯಾಲಯವೇ ಇದೆ.

ಉಪಕರಣಕ್ಕಿಂತ ಮೊದಲು ಕೈ

ಹಣವೂ ಇದ್ದು ಸಾಮಗ್ರಿಯೂ ಇದ್ದು ಬಳಸುವ ಕೈಯಿಲ್ಲದ ಕಾಲವೂ ಒಂದಿತ್ತು. ವ್ರತಧಾರಿಗಳಾದ ಕನ್ಯಾಸ್ತ್ರೀಯರು ವೈದ್ಯವೃತ್ತಿಯನ್ನೂ ಪ್ರಸೂತಿ ಕಾರ್ಯವನ್ನೂ ಮಾಡುವುದಕ್ಕೆ ಧರ್ಮಸಭೆಯ ಹಳೆಯ ನಿಯಮಗಳ ಅಡ್ಡಿಯಿತ್ತು. ಪರಪುರುಷರ ಮುಂದೆ ಬಾರದ ಹೆಂಗಸರು ಆಸ್ಪತ್ರೆಯ ಹೊಸ್ತಿಲಿನಲ್ಲಿಯೇ ಸಾಯುವುದನ್ನು ಕಂಡ ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ರೋಮಿಗೆ ಮತ್ತೆ ಮತ್ತೆ ಮೊರೆಯಿಟ್ಟರು. ಅವರು 1913ರಲ್ಲಿ ತೀರಿಕೊಂಡರು. ಅವರ ಮೊರೆಗೆ ಪೂರ್ಣ ಉತ್ತರ ಬಂದದ್ದು 1936ರ ಫೆಬ್ರವರಿಯಲ್ಲಿ, ರೋಮ್ ಆ ಅಡ್ಡಿಯನ್ನು ತೆಗೆದಾಗ. ಅದಕ್ಕೂ ಮೊದಲೇ, 1920ರಲ್ಲಿ, ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿ ವಿಶೇಷ ಅಪ್ಪಣೆಯೊಡನೆ ನಮ್ಮ ನೆರೆಯ ಗುಂಟೂರಿಗೆ ಬಂದು ಕನ್ಯಾಸ್ತ್ರೀಯಾಗಿ ದುಡಿದರು. ಚದುರಿಹೋಗಿದ್ದ ಕಥೋಲಿಕ ಆಸ್ಪತ್ರೆಗಳನ್ನು ಒಂದು ಸೂರಿನಡಿ ತರಲು 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದವರು ಅವರೇ. 1957ರಲ್ಲಿ ಬೆಂಗಳೂರಿನಲ್ಲಿ ಅವರು ಕೊನೆಯುಸಿರೆಳೆದರು. ನಮ್ಮವರೇ ವೈದ್ಯರಾಗಬೇಕೆಂಬ ಅವರ ಕನಸು 1963ರಲ್ಲಿ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಮಹಾವಿದ್ಯಾಲಯವಾಗಿ ನನಸಾಯಿತು. ಅಲ್ಲಿ ಕಲಿತವರು ಕೆಲಕಾಲ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಬೇಕೆಂಬ ಕಟ್ಟಳೆಯನ್ನು ಭಾರತದ ಧರ್ಮಾಧ್ಯಕ್ಷರ ಆ ಸಂಸ್ಥೆ ಮಾಡಿತು.

ಲಾಂಬರೆನೆಯ ಕೋಳಿಗೂಡು

ಈಗ ಆಫ್ರಿಕಕ್ಕೆ ಬರೋಣ. ಹಳ್ಳಿಗಾಡಿನ ಆಸ್ಪತ್ರೆಗೆ ಹಣ ಕೂಡಿಸಿದವರಲ್ಲಿ ಲೋಕವೇ ಬಲ್ಲ ಹೆಸರು ಆಲ್ಬರ್ಟ್ ಶ್ವೈಟ್ಸರರದು. ಪ್ರೊಟೆಸ್ಟೆಂಟ್ ಬೋಧಕರೂ ಆರ್ಗನ್ ವಾದ್ಯದ ವಿದ್ವಾಂಸರೂ ಆಗಿದ್ದ ಅವರು, ಮೂವತ್ತು ದಾಟಿದ ಮೇಲೆ ವೈದ್ಯಶಾಸ್ತ್ರ ಕಲಿತು, 1913ರಲ್ಲಿ ಪತ್ನಿ ಹೆಲೆನೆಯವರೊಡನೆ ಗಬಾನ್ ದೇಶದ ಒಗೊವೆ ನದಿಯ ದಂಡೆಯಲ್ಲಿರುವ ಲಾಂಬರೆನೆಗೆ ಹೋದರು. ರೋಗಿಗಳನ್ನು ನೋಡಲು ಅಲ್ಲಿ ಮೊದಲು ದೊರೆತುದು ಹಳೆಯದೊಂದು ಕೋಳಿಗೂಡು. ಅದನ್ನೇ ತೊಳೆದು ಸುಣ್ಣ ಬಳಿದು ಚಿಕಿತ್ಸಾಲಯ ಮಾಡಿಕೊಂಡರು. ಖರ್ಚನ್ನು ಮಿಷನ್ನಿನ ಮೇಲೆ ಹೊರಿಸದೆ ತಾವೇ ಕೂಡಿಸಿದರು. ಯುದ್ಧ ಅವರನ್ನೂ ಬಿಡಲಿಲ್ಲ: 1917ರಲ್ಲಿ ಫ್ರಾನ್ಸಿಗೆ ಒಯ್ದು ಸೆರೆಯಲ್ಲಿಡಲಾಯಿತು. ಬಿಡುಗಡೆಯಾದ ಮೇಲೆ ಊರೂರುಗಳಲ್ಲಿ ಆರ್ಗನ್ ನುಡಿಸಿ, ಉಪನ್ಯಾಸ ಮಾಡಿ, ಸಾಲ ತೀರಿಸಿ, 1924ರಲ್ಲಿ ತಿರುಗಿ ಹೋದರು. ನೊಬೆಲ್ ಶಾಂತಿ ಬಹುಮಾನದ ಹಣವನ್ನು ಕುಷ್ಠರೋಗಿಗಳ ಗ್ರಾಮ ಕಟ್ಟಲು ಬಳಸಿದರು.

ಅವರ ಆಸ್ಪತ್ರೆಯಲ್ಲಿ ಹೊಸ ಉಪಕರಣಗಳು ಕಡಿಮೆಯೆಂದು ಆಕ್ಷೇಪಿಸಿದವರೂ ಇದ್ದರು. ಆ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ: ಹಳ್ಳಿಯವನೆಂಬ ಕಾರಣಕ್ಕೆ ರೋಗಿಗೆ ಕೆಳದರ್ಜೆಯ ಚಿಕಿತ್ಸೆ ಸಲ್ಲದು. ಆದರೆ ರೋಗಿಯ ಜೊತೆ ಅವನ ಮನೆಯವರೂ ಬಂದಿದ್ದು, ಒಲೆ ಹೂಡಿ ಅಡುಗೆ ಮಾಡಿಕೊಂಡು ಇರುವ ಆ ಏರ್ಪಾಡು ಅಲ್ಲಿಯ ಜನರ ಬಾಳಿಗೆ ಹೊಂದುತ್ತಿತ್ತು. ಹೊಂದುವುದಕ್ಕೂ ಹೊಸದಕ್ಕೂ ನಡುವೆ ಹದ ಕಂಡುಕೊಳ್ಳುವುದೇ ದಾನಿಯ ವಿವೇಕ.

ಮೂಲೆ ಸೇರಿದ ಯಂತ್ರ

ಆ ವಿವೇಕ ತಪ್ಪಿದರೆ ಏನಾಗುವುದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಕಡೆಯ ದವಾಖಾನೆಯೊಂದಕ್ಕೆ ದಾನವಾಗಿ ಬಂದ ಯಂತ್ರಕ್ಕೆ ಹಾರ ಹಾಕಿ, ಕಾಯಿ ಒಡೆದು, ಭಾವಚಿತ್ರ ತೆಗೆಸಿಕೊಂಡದ್ದಾಯಿತು. ವರ್ಷ ತುಂಬುವುದರೊಳಗೆ ಒಂದು ಸಣ್ಣ ಭಾಗ ಕೆಟ್ಟಿತು. ಅದು ಇಲ್ಲಿ ಸಿಗುವಂತಿರಲಿಲ್ಲ, ತರಿಸಲು ಹಣವಿರಲಿಲ್ಲ, ಬಿಚ್ಚಿ ನೋಡಬಲ್ಲವರೂ ಇರಲಿಲ್ಲ. ಯಂತ್ರ ಮೂಲೆ ಸೇರಿ, ಅದರ ಮೇಲೆ ಹಾಸಿಗೆಯ ಸುರುಳಿ ಏರಿತು.

ಇದು ನಮ್ಮೊಬ್ಬರ ಕಥೆಯಲ್ಲ. 2011ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಂಜಿನಿಯರುಗಳು 16 ಬಡ ದೇಶಗಳ ಆಸ್ಪತ್ರೆಗಳಲ್ಲಿದ್ದ 1,12,040 ಉಪಕರಣಗಳ ಲೆಕ್ಕಪಟ್ಟಿಗಳನ್ನು ಪರಿಶೀಲಿಸಿ ಪ್ರಕಟಿಸಿದರು. ಅವುಗಳಲ್ಲಿ ಸರಾಸರಿ ನೂರಕ್ಕೆ 38.3ರಷ್ಟು ಕೆಲಸಕ್ಕೆ ಬಾರದೆ ನಿಂತಿದ್ದವು. ನಡೆಸುವವರಿಗೆ ತರಬೇತಿಯಿಲ್ಲದಿರುವುದು, ನಿರ್ವಹಣೆಯ ವ್ಯವಸ್ಥೆಯಿಲ್ಲದಿರುವುದು, ವಿದ್ಯುತ್ತು ಮೊದಲಾದ ಆಧಾರಗಳಿಲ್ಲದಿರುವುದು—ಇವೇ ಮುಖ್ಯ ಕಾರಣಗಳು. ವಿಶ್ವ ಆರೋಗ್ಯ ಸಂಸ್ಥೆಯೂ 2000ದಲ್ಲಿ ದಾನಿಗಳಿಗೆ ಸೂಚನೆಗಳನ್ನು ನೀಡಿತು: ದಾನದಿಂದ ಪಡೆಯುವವನಿಗೆ ನಿಜವಾಗಿ ಪ್ರಯೋಜನವಾಗಬೇಕು, ಅವನ ಇಷ್ಟವನ್ನು ಕೇಳಬೇಕು, ತನ್ನ ದೇಶದಲ್ಲಿ ಒಪ್ಪದ ಗುಣಮಟ್ಟದ ವಸ್ತುವನ್ನು ಇನ್ನೊಬ್ಬರಿಗೆ ಕೊಡಬಾರದು, ಇಬ್ಬರ ನಡುವೆ ಮಾತುಕತೆ ಸರಿಯಾಗಿರಬೇಕು.

2021ರ ಬೇಸಿಗೆಯಲ್ಲಿ ಕೊರೋನಾದ ಎರಡನೆಯ ಅಲೆ ಬಂದಾಗ ಆಮ್ಲಜನಕಕ್ಕಾಗಿ ಜನ ಪಟ್ಟ ಪಾಡನ್ನು ಯಾರು ಮರೆತಾರು? ಆಗ ಮನೆಮಾತಾದ ಆಕ್ಸಿಜನ್ ಕಾನ್ಸಂಟ್ರೇಟರನ್ನೇ ಉದಾಹರಣೆಗೆ ನೋಡೋಣ. ಅದು ಸುತ್ತಲಿನ ಗಾಳಿಯನ್ನು ಹೀರಿ, ಜಿಯೋಲೈಟ್ ಎಂಬ ಹರಳಿನ ಮೂಲಕ ಹಾಯಿಸಿ, ಸಾರಜನಕವನ್ನು ಹಿಡಿದಿಟ್ಟು, ಆಮ್ಲಜನಕವನ್ನು ರೋಗಿಗೆ ಬಿಡುತ್ತದೆ. ಸಿಲಿಂಡರು ಹೊತ್ತು ತರಬೇಕಾದ ಹಳ್ಳಿಗೆ ಅದು ವರವೇ ಸರಿ. ಆದರೆ ವಿದ್ಯುತ್ತು ಹೋದರೆ ಅದರ ಉಸಿರೂ ನಿಲ್ಲುತ್ತದೆ. ಧೂಳು ಕಟ್ಟಿದ ಸೋಸುಪಟ್ಟಿಯನ್ನು ತೊಳೆಯದಿದ್ದರೆ ಅದು ಸೋಲುತ್ತದೆ. ಕಾಲಕಾಲಕ್ಕೆ ಅಳೆದು ನೋಡದಿದ್ದರೆ ಯಂತ್ರ ಗುಂಯ್‌ಗುಡುತ್ತಲೇ ಇದ್ದರೂ ರೋಗಿಗೆ ಸಾಕಷ್ಟು ಆಮ್ಲಜನಕ ಸಿಗದಿರಬಹುದು. ಯಂತ್ರವನ್ನು ಕೊಟ್ಟವನು ಈ ಮೂರಕ್ಕೂ ದಾರಿ ಮಾಡದೆ ಕೈತೊಳೆದುಕೊಂಡರೆ ಅವನ ದಾನ ಅರ್ಧವಾಯಿತು.

ಇಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗ ನೆನಪಿಗೆ ಬರುತ್ತದೆ. 1964ರ ಡಿಸೆಂಬರಿನಲ್ಲಿ ಜಗದ್ಗುರು ಆರನೆಯ ಪೌಲರು ಪರಮಪ್ರಸಾದ ಮಹಾಸಮ್ಮೇಳನಕ್ಕಾಗಿ ಮುಂಬಯಿಗೆ ಬಂದಿದ್ದಾಗ, ತಾವು ಬಳಸಿದ ಭವ್ಯವಾದ ಕಾರನ್ನು ಮದರ್ ತೆರೇಸಾ ಅವರಿಗೆ ಕೊಟ್ಟು ಹೋದರು. ಆ ತಾಯಿ ಅದರಲ್ಲಿ ಕುಳಿತು ತಿರುಗಲಿಲ್ಲ. ಲಾಟರಿಯಲ್ಲಿ ಅದನ್ನಿಟ್ಟು, ಬಂದ ಹಣವನ್ನು ಕುಷ್ಠರೋಗಿಗಳ ಶಾಂತಿನಗರದ ಕಾರ್ಯಕ್ಕೆ ಹಾಕಿದರು. ಬಂದ ದಾನವನ್ನು ಬೇಕಾದ ದಾನವನ್ನಾಗಿ ಮಾಡಿಕೊಳ್ಳುವ ಜಾಣ್ಮೆ ಅದು. ಎಲ್ಲ ದವಾಖಾನೆಗಳಿಗೂ ಅಂತಹ ಅವಕಾಶವಿರುವುದಿಲ್ಲವಾದ್ದರಿಂದ, ಕೊಡುವವರೇ ಮೊದಲು ಕೇಳಿ ಕೊಡುವುದು ಮೇಲು.

ನಮ್ಮ ಪಾಲಿನ ಕರ್ತವ್ಯ

ಹಿರಿಯರ ಪ್ರಶ್ನೆಗೆ ಈಗ ಉತ್ತರಿಸಬಹುದಾಗಿದೆ. ಮಾಳಿಗೆ ಸೋರುತ್ತಿರುವುದು ನಿಜ. ಆದರೆ ಲಿಯೋನಿನ ರೇಷ್ಮೆಯ ಹೆಣ್ಣುಮಕ್ಕಳ ಮಾಳಿಗೆಯೂ ಸೋರುತ್ತಿತ್ತು. ಬಾಸೆಲಿನ ಸುತ್ತಲಿನ ಪಟ್ಟಿಯ ನೇಕಾರನ ಮನೆಯಲ್ಲಿಯೂ ಕೊರತೆಯಿತ್ತು. ಅವರು ತಮ್ಮ ಕೊರತೆಯೆಲ್ಲ ತೀರಲೆಂದು ಕಾದಿದ್ದರೆ ನಮ್ಮ ನಾಡಿಗೆ ಒಂದು ಕಾಸೂ ಬರುತ್ತಿರಲಿಲ್ಲ. ದೇವಾಲಯದ ಹುಂಡಿಗೆ ಎರಡು ಕಾಸು ಹಾಕಿದ ಬಡ ವಿಧವೆಯನ್ನು ಪ್ರಭು ಕ್ರಿಸ್ತರು ಮೆಚ್ಚಿಕೊಂಡದ್ದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ನಾವು ನೂರು ವರ್ಷ ಪಡೆದವರ ಸಾಲಿನಲ್ಲಿ ನಿಂತಿದ್ದೆವು. ಈಗ ಕೊಡುವವರ ಸಾಲಿಗೆ ಬರುವ ಭಾಗ್ಯ ನಮಗೆ ಒದಗಿದೆ.

ಆದರೆ ಕೊಡುವುದನ್ನು ಇತಿಹಾಸ ಕಲಿಸಿದ ರೀತಿಯಲ್ಲಿ ಕೊಡೋಣ. ಒಂದೇ ದಿನದ ದೊಡ್ಡ ಮೊತ್ತಕ್ಕಿಂತ ಮನೆಗೊಂದರಂತೆ ವಾರವಾರದ ಸಣ್ಣ ಕಾಣಿಕೆಯನ್ನು ಆರಿಸಿಕೊಳ್ಳೋಣ. ಏನು ಬೇಕೆಂಬುದನ್ನು ಅಲ್ಲಿ ದುಡಿಯುವ ಭಗಿನಿಯರೂ ಅಲ್ಲಿಯ ದಾದಿಯರೂ ಹೇಳಲಿ. ಅವರು ಕೇಳುವುದು ದೊಡ್ಡ ಯಂತ್ರವಲ್ಲದೆ, ಉಪಕರಣಗಳನ್ನು ಕುದಿಸಿ ಶುದ್ಧಮಾಡುವ ಪಾತ್ರೆಯೋ ಸೂಕ್ಷ್ಮದರ್ಶಕವೋ ಆಗಿದ್ದರೆ ಅದನ್ನೇ ಕೊಡೋಣ. ಬೆಲೆಯ ಜೊತೆಗೇ ದುರಸ್ತಿಗೂ ಬಿಡಿಭಾಗಗಳಿಗೂ, ನಡೆಸುವ ಕೈಗೆ ಕಲಿಸುವುದಕ್ಕೂ ಹಣವನ್ನು ಎತ್ತಿಡೋಣ. ಅಲ್ಲಿಂದ ಬರುವ ಸಮಾಚಾರವನ್ನು ಭಾನುವಾರ ಬಲಿಪೂಜೆಯ ಬಳಿಕ ಎಲ್ಲರಿಗೂ ಓದಿ ಹೇಳೋಣ. ನಮ್ಮ ಸೀಮೆಯ ಬಡ ರೋಗಿಗಳ ಪಾಲನ್ನೂ ಇದರಲ್ಲಿಯೇ ಬೇರೆಯಾಗಿ ಇಡೋಣ. ದೂರದವರ ಮೇಲಿನ ಪ್ರೀತಿ ನೆರೆಯವನನ್ನು ಮರೆಸಬಾರದು.

ಈ ಲೇಖನದ ಸಾರವನ್ನು ಸಭೆಯಲ್ಲಿ ಹೇಳಿದಾಗ ಆ ಹಿರಿಯರು ತುಸು ಹೊತ್ತು ಸುಮ್ಮನಿದ್ದು, "ಆತು, ವಾರದ ಕಾಣಿಕಿ ಅಂದ್ರ ನನ್ನ ಹೆಸರೂ ಬರಕೋರಿ. ಆದ್ರ ರಿಪೇರಿ ರೊಕ್ಕ ಮೊದಲ ತಗದಿಡ್ರಿ" ಎಂದರು. ನಾವು ಇಷ್ಟು ಪುಟಗಳಲ್ಲಿ ಹೇಳಿದುದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು.

ತಾವೆಂದೂ ಕಾಣದ ನಮಗಾಗಿ ಕೈಬಿಚ್ಚಿದ ಆ ಅಜ್ಞಾತ ದಾನಿಗಳ ಆತ್ಮಗಳಿಗೆ ದೇವರು ನಿತ್ಯ ಶಾಂತಿಯನ್ನು ದಯಪಾಲಿಸಲಿ. ನಾವೆಂದೂ ಕಾಣದ ರೋಗಿಯ ಹಾಸಿಗೆಯ ಬಳಿ ನಮ್ಮ ಬಿಡಿಗಾಸನ್ನೂ ಆತನೇ ಮುಟ್ಟಿಸಲಿ. ಈ ಶತಮಾನೋತ್ಸವದ ದೀಪ ಆರಿದ ಮೇಲೆಯೂ ವಾರವಾರದ ಆ ಕಾಣಿಕೆ ನಿಲ್ಲದಿರಲೆಂದು ನಾವೆಲ್ಲರೂ ಪ್ರಾರ್ಥಿಸೋಣ.